ಮರಳಿಗೆ ಬೇಲಿ ಹಾಕಿದ ನರಿ

ಒಂದು ಕಾಡಿನಲ್ಲಿ ಮಳೆಗಾಲದಲ್ಲಷ್ಟೇ ಹೊಳೆ ಎನಿಸಿಕೊಳ್ಳುವ ಹೊಳೆಯೊಂದಿತ್ತು. ಬೇಸಿಗೆ ಬಂತೆಂದರೆ ಅದು ಬರೀ ಮರಳು. ನೀರು ಅಡಿಯಲ್ಲೆಲ್ಲೋ ಅವಿತುಕೊಳ್ಳುತ್ತಿತ್ತು. ಎಲ್ಲಿ ತೋಡಿದರೆ ಒರತೆ ಸಿಗುತ್ತದೆ ಎಂಬ ವಿದ್ಯೆಯನ್ನು ಕಲಿಸಬಲ್ಲವಳು ಆನೆಯಜ್ಜಿ ಒಬ್ಬಳೇ. ಪ್ರತಿ ಚಳಿಗಾಲ ಅವಳು ಹೊಳೆಗಿಳಿದು ಅದನ್ನು ಕಲಿಸುತ್ತಿದ್ದಳು. ಆ ವರ್ಷ ಮಾತ್ರ, "ಇದೇ ಕೊನೆ. ಇನ್ನು ನನ್ನ ಮಂಡಿ ಈ ದಂಡೆ ಇಳಿಯೋದಿಲ್ಲ" ಎಂದು ಸಾರಿಬಿಟ್ಟಳು.

ಅದನ್ನು ಕೇಳಿ ಕಂಟಿ ಎಂಬ ಮುಳ್ಳುಹಂದಿ ಹುಡುಗಿ ಓಡೋಡಿ ಬಂದಳು. ಹೋದ ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ಹೋದ ಅವಳ ಅಪ್ಪ ಮರಳಿ ಬಂದಿರಲಿಲ್ಲ. ಬಿಲದಲ್ಲಿ ಅಮ್ಮ, ಪುಟ್ಟ ತಮ್ಮಂದಿರು. ಈ ಬೇಸಿಗೆ ಯಾರನ್ನೂ ಕಳೆದುಕೊಳ್ಳಬಾರದು ಎಂದು ಅವಳು ಹಟ ತೊಟ್ಟಿದ್ದಳು.

ಆದರೆ ಪಾಠದ ಜಾಗದ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತ್ತು. ಬಾಗಿಲಲ್ಲಿ ನರಿ ಕೂತಿತ್ತು. ಬೇಲಿ ಹಾಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹಾಕಬೇಡ ಎಂದೂ ಯಾರೂ ಹೇಳಿರಲಿಲ್ಲ. ಲೋಕದ ಬೇಲಿಗಳೆಲ್ಲ ಹೆಚ್ಚೂಕಡಿಮೆ ಹೀಗೇ ಏಳುವುದು.

"ನರಿಮಾವ, ನಾನೂ ಕಲೀಬೇಕು" ಎಂದಳು ಕಂಟಿ.

"ಜಾಗ ಎಲ್ಲಿದೆ ನನ್ನ ತಾಯಿ?" ನರಿ ನಿಟ್ಟುಸಿರಿಟ್ಟಿತು. "ಹಿಮಾಲಯ ದಾಟಿ ಬಂದ ಹೆಬ್ಬಾತುಗಳು ಒಳಗೆಲ್ಲ ತುಂಬ್ಕೊಂಡುಬಿಟ್ಟಿವೆ. ನಮ್ಮ ಕಾಡಿನ ಮಕ್ಕಳಿಗೇ ಜಾಗ ಇಲ್ಲ ಅಂದ್ರೆ ನನ್ನ ಹೊಟ್ಟೆ ಉರಿಯೋದಿಲ್ವಾ?"

ಹೊಟ್ಟೆ ಉರಿಯುತ್ತಿತ್ತೋ ಇಲ್ಲವೋ, ತುಂಬಿಯಂತೂ ಇತ್ತು. ಒಳಗೆ ಬಿಟ್ಟದ್ದಕ್ಕೆ ಹೆಬ್ಬಾತುಗಳು ಹೊಲಗಳಿಂದ ಆಯ್ದು ತಂದುಕೊಟ್ಟ ಕಡಲೆಕಾಯಿ ಅದರ ಬೆನ್ನ ಹಿಂದೆ ರಾಶಿ ಬಿದ್ದಿತ್ತು. ಕಾಡಿನ ಮಕ್ಕಳ ಬಳಿ ಕೊಡಲು ಏನೂ ಇರಲಿಲ್ಲ.

ಮರುದಿನ ಬೆಳಗ್ಗೆ ಹೊಳೆಯಲ್ಲಿ ಇನ್ನೂ ಉಳಿದಿದ್ದ ಮಡುವಿನಲ್ಲಿ ಹೆಬ್ಬಾತೊಂದು ಒಂಟಿಯಾಗಿ ನೀರು ಕುಡಿಯುತ್ತಿತ್ತು. ಅದರ ಹೆಸರು ಪೇಮಾ. ಕಂಟಿ ಮೈಯ ಮುಳ್ಳೆಲ್ಲ ನಿಮಿರಿಸಿಕೊಂಡು ಎದುರು ನಿಂತಳು.

"ನನ್ನ ಜಾಗ ನುಂಗಿದವಳು ನೀನೇನಾ?"

"ಯಾವ ಜಾಗ?" ಪೇಮಾ ಬೆಚ್ಚಿದಳು. "ಒಳಗೆ ಅಜ್ಜಿ ಮಲಗಿ ಹೊರಳಾಡುವಷ್ಟು ಮರಳು ಖಾಲಿ ಬಿದ್ದಿದೆ. ನಮ್ಮ ಕಾಡಿನ ಮಕ್ಕಳೆಲ್ಲಿ ಅಂತ ಅಜ್ಜಿ ದಿನಾ ಕೇಳ್ತಾಳೆ, ಪಾಪ. ಅವಳಿಗೆ ಕಣ್ಣು ಮಂಜು. ಅವಕ್ಕೆ ಕಲಿಯೋ ಮನಸ್ಸೇ ಇಲ್ಲ ಅಂತಾನೆ ನರಿ. ಇಲ್ಲಿಯವರು ಸೋಮಾರಿಗಳು, ಮಾತಾಡಿಸಿದರೆ ಚುಚ್ಚುತ್ತಾರೆ ಅಂತ ನಮಗೂ ಹೇಳಿದ್ದಾನೆ." ನಿಮಿರಿದ ಮುಳ್ಳುಗಳನ್ನು ಒಮ್ಮೆ ನೋಡಿ ಸೇರಿಸಿದಳು: "ಚುಚ್ಚೋದು ಮಾತ್ರ ಸುಳ್ಳಲ್ಲ ಅನ್ಸುತ್ತೆ."

ಕಂಟಿಗೆ ನಗು ಬಂತು. ಮುಳ್ಳುಗಳು ತಾವಾಗಿ ಇಳಿದವು. "ಅಷ್ಟು ದೂರದಿಂದ ಯಾಕೆ ಬಂದೆ ಮಾರಾಯ್ತಿ?"

"ನಮ್ಮ ಕೆರೆಯೂ ವರ್ಷದಿಂದ ವರ್ಷಕ್ಕೆ ಕುಗ್ತಿದೆ. ನಾನು ಕಲಿತು ಹೋದರೆ ಅಲ್ಲಿ ತೋಡೋಕೆ ಮೊಲಗಳಿವೆ. ಆದರೆ ಈ ಕಾಲು ನೋಡು." ಪೇಮಾ ತನ್ನ ಜಾಲಪಾದ ಎತ್ತಿ ತೋರಿಸಿದಳು. "ಮರಳನ್ನು ತಟ್ಟುತ್ತೆ ಅಷ್ಟೇ. ಕಲಿತದ್ದು ಸರಿಯೋ ತಪ್ಪೋ ಅಂತಾನೇ ತಿಳಿಯಲ್ಲ."

ಕಂಟಿ ತನ್ನ ಉಗುರುಗಳನ್ನು ನೋಡಿಕೊಂಡಳು.

ಅಂದಿನಿಂದ ಪಾಠ ಮುಗಿದೊಡನೆ ಪೇಮಾ ಬೇಲಿಯ ಹಿಂಬದಿಗೆ ಬರುತ್ತಿದ್ದಳು. ಅಜ್ಜಿಗೆ ಹೇಳಿದರೆ ನರಿ ಪೇಮಾಳನ್ನೂ ಹೊರಗಟ್ಟೀತು ಎಂದು ಇಬ್ಬರೂ ಗುಟ್ಟಾಗಿಟ್ಟರು. ಅಜ್ಜಿ ಹೇಳಿದ್ದನ್ನು ಅವಳು ಒಪ್ಪಿಸುವಳು, ಆಚೆ ಕಡೆ ಕಂಟಿ ತೋಡುವಳು. ಮೊದಲ ಗುಂಡಿ ಒಣ. ಇನ್ನೊಂದರಲ್ಲಿ ಸಿಟ್ಟಾದ ಏಡಿ.

"ಅಜ್ಜಿ ಬೇರು ನೋಡು ಅಂದಳಾ, ನೆರಳು ನೋಡು ಅಂದಳಾ? ಸರಿಯಾಗಿ ಹೇಳೇ!"

"ತಾಳು, ನಾಳೆ ಕೇಳ್ಕೊಂಡು ಬರ್ತೀನಿ."

ಬಾಗಿಲಲ್ಲಿ ನರಿ ಕಡಲೆಕಾಯಿ ಸುಲಿಯುತ್ತಿತ್ತು. ಪಾಠಕ್ಕೆ ಅದು ಸದಾ ಬೆನ್ನು ಹಾಕಿಯೇ ಕೂತಿರುತ್ತಿತ್ತು.

ಕೊನೆಯ ದಿನ ಪರೀಕ್ಷೆ. ಶಿಷ್ಯರು ತೋಡಿದ ಒರತೆಯಿಂದ ಅಜ್ಜಿ ಒಂದು ಗುಟುಕು ಕುಡಿಯುವುದು ವಾಡಿಕೆ. ಹೆಬ್ಬಾತುಗಳು ಮರಳನ್ನು ತಟ್ಟಿದವು, ಕೆದಕಿದವು. ಹನಿ ನೀರಿಲ್ಲ. ಅಷ್ಟರಲ್ಲಿ ಅಜ್ಜಿಯ ಸೊಂಡಿಲು ಗಾಳಿಯಲ್ಲಿ ಏನನ್ನೋ ಮೂಸಿತು. ಅವಳು ನೇರ ಬೇಲಿಯ ಹಿಂಬದಿಗೆ ನಡೆದಳು. ಮುಳ್ಳಿನ ಹೊರೆಯೊಂದನ್ನು ಎತ್ತಿ ಪಕ್ಕಕ್ಕಿಟ್ಟಳು. ಆಚೆ, ಅತ್ತಿಮರದ ಬೇರು ಹೊಳೆಗಿಳಿಯುವಲ್ಲಿ, ತಿಳಿನೀರು ತುಂಬಿದ ಗುಂಡಿ. ಅಂಚಿನಲ್ಲಿ ಮೈಯೆಲ್ಲ ಮರಳಾದ ಕಂಟಿ.

ಅಜ್ಜಿ ಕುಡಿದಳು. "ಯಾರು ಕಲಿಸಿದರು ಮಗಾ?"

"ನೀವೇ ಅಜ್ಜಿ. ಪೇಮಾಳ ಬಾಯಿಂದ."

"ಒಳಗೆ ಯಾಕೆ ಬರಲಿಲ್ಲ?"

"ಜಾಗ ಇಲ್ಲ ಅಂದರು."

ಅಜ್ಜಿ ಉದ್ದಕ್ಕೂ ಹಾಸಿಬಿದ್ದ ಮರಳಿನತ್ತ ತಿರುಗಿದಳು. ಆ ಮಂಜುಗಣ್ಣಿಗೂ ಅದು ಕಾಣುವಷ್ಟಿತ್ತು.

"ನರಿಯಪ್ಪಾ, ಹಾಕಿದ ಬೇಲಿ ನೀನೇ ಕೀಳು. ಒಂದು ಮುಳ್ಳೂ ಉಳೀಬಾರದು" ಎಂದಳು, ದನಿ ಏರಿಸದೆ.

ನರಿ ಬಾಯಿಂದಲೇ ಮುಳ್ಳು ಎಳೆಯಿತು. ಸಂಜೆ ಹೊತ್ತಿಗೆ ಅದರ ಮೂತಿ ಕಂಟಿಯ ಬೆನ್ನಿನಂತಾಗಿತ್ತು.

ಶಿವರಾತ್ರಿ ಕಳೆದು ಹೆಬ್ಬಾತುಗಳು ಹಾರಿಹೋದವು. ಪೇಮಾ ಹೊರಡುವ ಹೊತ್ತಿಗೆ ಅವಳು ತೋರಿಸಿದಲ್ಲೆಲ್ಲ ಕಂಟಿ ತೋಡಿದರೆ ನೀರು ಬರುತ್ತಿತ್ತು. ಹೊಳೆಯ ಮಡುವೂ ಬತ್ತಿತು. ಕಂಟಿಯ ಒರತೆಯ ಸುತ್ತ ಅಮ್ಮ, ತಮ್ಮಂದಿರು, ಮುಂಗುಸಿ, ಮೊಲ, ಜಿಂಕೆಮರಿಗಳೆಲ್ಲ ಸೇರಿದವು. ಅಜ್ಜಿ ದಂಡೆಯ ಮೇಲೆ ನಿಂತಿದ್ದಳು. ಕಲಿಸುವವಳು ಈಗ ಕಂಟಿ.

ನರಿಯ ಬಳಿ ರಾಶಿ ಕಡಲೆಕಾಯಿ ಇತ್ತು. ತಿಂದಷ್ಟೂ ಬಾಯಾರಿಕೆ. ಹೊಳೆಯಲ್ಲಿ ಕಂಡಕಂಡಲ್ಲಿ ತೋಡಿತು, ಸಿಕ್ಕಿದ್ದು ಬಿಸಿ ಮರಳು. ಕೊನೆಗೆ ನಾಲಿಗೆ ಇಳಿಬಿಟ್ಟುಕೊಂಡು ಬಂದು ಕಂಟಿಯ ಮುಂದೆ ನಿಂತಿತು.

"ನನಗೂ... ಜಾಗ ಇದೆಯಾ ತಾಯಿ?"

"ಇಲ್ಲದೆ ಏನು ಮಾವ?" ಕಂಟಿ ಸರಿದು ದಾರಿಬಿಟ್ಟಳು. "ಮೊದಲು ನೀರು ಕುಡಿ. ಆಮೇಲೆ ಆ ಮುಂಗುಸಿ ಮರಿಗಳ ಸಾಲಲ್ಲಿ ಕೂತ್ಕೋ. ಅವು ಇನ್ನೂ ಮೊದಲ ಪಾಠದಲ್ಲಿವೆ. ಈ ಸಲ ಮುಖ ಇತ್ತ ಇರಲಿ."

ನೀತಿ: ಜಾಗವಿಲ್ಲ ಎಂದಾಗ ಒಳಗೆ ಕೂತ ಪರದೇಶಿಯ ಮೇಲೆ ಮುನಿಯುವ ಮೊದಲು ಬೇಲಿ ಹಾಕಿದವನನ್ನು ನೋಡಬೇಕು; ವಿದ್ಯೆಗೆ ಬೇಲಿ ಹಾಕಿದವನು ಕೊನೆಗೆ ತಾನೇ ಬಾಯಾರುತ್ತಾನೆ.