ಮಂತ್ರಿಯ ಪಂಚೆಗೆ ಹತ್ತಿದ ಹುಲ್ಲಿನ ಬೀಜ

ಹೂಂಗುಟ್ಟುವುದಾದರೆ ಹೇಳುತ್ತೇನೆ. ನಿದ್ದೆ ಬಂದವರು ಈಗಲೇ ಮಲಗಿಬಿಡಿ, ನಡುವೆ ಗೊರಕೆ ಹೊಡೆದರೆ ನನಗೆ ಸಿಟ್ಟು ಬರುತ್ತದೆ.

ಕೆಂಚನಗುಡ್ಡ ಅಂತ ಒಂದು ರಾಜ್ಯ. ಅಲ್ಲೊಬ್ಬ ದೊರೆ. ಮನುಷ್ಯ ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಕೊನೆಗೆ ಯಾರು ಮಾತಾಡಿದರೋ ಅವರು ಹೇಳಿದ್ದೇ ಸರಿ.

ಆ ರಾಜ್ಯದಲ್ಲಿ ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು. ಅದು ಯಾರೊಬ್ಬರದೂ ಅಲ್ಲ, ಎಲ್ಲರದು. ಅದಕ್ಕೊಂದು ಕಟ್ಟಳೆ ಇತ್ತು. ಮಳೆ ಬಿದ್ದು ಹುಲ್ಲು ಚಿಗುರಿದ ಕೂಡಲೇ ಹಾದಿಗೆ ಅಡ್ಡ ಮುಳ್ಳು ಹಾಕಿಬಿಡುತ್ತಿದ್ದರು. ದನ ಬಿಡುವಂತಿಲ್ಲ, ಕುರಿ ಬಿಡುವಂತಿಲ್ಲ, ದೊರೆಯ ಕುದುರೆಯನ್ನೂ ಬಿಡುವಂತಿಲ್ಲ. ಹುಲ್ಲು ಹೂಬಿಟ್ಟು, ಬೀಜ ಬಲಿತು, ನೆಲಕ್ಕೆ ಉದುರಬೇಕು. ಉದುರುವ ಕಾಲ ಬಂತೋ ಇಲ್ಲವೋ ತಿಳಿಯುವುದು ಹೇಗೆ? ಊರಿನವರೊಬ್ಬರು ಹುಲ್ಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಬಟ್ಟೆಯ ಅಂಚಿಗೆ ಸೂಜಿಯಂಥ ಬೀಜ ಹತ್ತಿಕೊಂಡರೆ ಕಾಲ ಬಂತು ಅಂತ ಲೆಕ್ಕ. ನಡೆದು ಬಂದವರನ್ನು ಚಾವಡಿಯಲ್ಲಿ ಕೂರಿಸಿ, ಹೆಂಗಸರು ಹಾಡು ಹೇಳುತ್ತ ಒಂದೊಂದೇ ಬೀಜ ಕೀಳುತ್ತಿದ್ದರು. ಮುಳ್ಳು ತೆಗೆಯುವುದು ಅದಾದ ಮೇಲೆ.

ದೊರೆಯಿದ್ದ ಊರಿನಲ್ಲೇ ಒಬ್ಬ ದನಗಾಹಿ, ಬೊಮ್ಮಲಿಂಗ. ಅವನ ಹೆಂಡತಿ ಗಿರಿಯವ್ವ, ಮದುವೆಯಾಗಿ ಇನ್ನೂ ಅರಿಸಿನ ಆರಿರಲಿಲ್ಲ. ಸಂಜೆ ದೂರದಲ್ಲಿ ಗಂಡ ದನ ಕೂಗುವ ದನಿ ಕೇಳಿದರೆ ಸಾಕು, ಅವಳು ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಅವನು ಬಾಗಿಲಿಗೆ ಬರುವ ಹೊತ್ತಿಗೆ ರೊಟ್ಟಿ ಬಿಸಿಯಾಗಿರುತ್ತಿತ್ತು.

ಆದರೆ ಆ ದೊರೆಗೊಬ್ಬ ಮಂತ್ರಿ, ನಾಗರಸ. ಅವನಿಗೆ ಕುದುರೆಯ ಹುಚ್ಚು. ಲಾಯದ ಮೇಲೆ ಲಾಯ ಕಟ್ಟಿಸಿದ. ಅಷ್ಟು ಕುದುರೆಗೆ ಮೇವೆಲ್ಲಿ? ಸಭೆಯಲ್ಲಿ ಎದ್ದು ನಿಂತು ಹೇಳಿದ:

"ಈ ಒಂದು ವರ್ಷ ಮಾತ್ರ, ದೊರೆ. ಬೀಜ ಉದುರುವ ತನಕ ಯಾಕೆ ಕಾಯಬೇಕು? ಹುಲ್ಲೇನು ಓಡಿಹೋಗುತ್ತದೆಯೇ?"

ದೊರೆ ತಲೆ ಆಡಿಸಿದ. ದೊರೆ ಆಡಿಸಿದ ಮೇಲೆ ಸಭೆಯೂ ಆಡಿಸಿತು. ಮೂಡಲ ದಿಕ್ಕಿನ ಹುಲ್ಲು ಹೋಯಿತು. ಗೌಜಲಕ್ಕಿಗಳು ಎದ್ದು ಹೋದವು.

ಮರುವರ್ಷ ನಾಗರಸ ಮತ್ತೆ ಎದ್ದ. "ಈ ಒಂದು ವರ್ಷ ಮಾತ್ರ, ದೊರೆ." ಎಲ್ಲರೂ ತಲೆ ಆಡಿಸಿದರು. ಪಡುವಲ ದಿಕ್ಕಿನ ಹುಲ್ಲು ಹೋಯಿತು. ಜಿಂಕೆಗಳು ಎದ್ದು ಹೋದವು.

ಮೂರನೆಯ ವರ್ಷವೂ ಅದೇ ಮಾತು, ಅದೇ ತಲೆ. ನಡುಗಾವಲಿನ ಹುಲ್ಲೂ ಹೋಯಿತು. ಈ ಸಲ ದನಗಾಹಿಗಳು ದನ ಹೊಡೆದುಕೊಂಡು ಎದ್ದು ಹೊರಟರು.

"ಯಾವಾಗ ಬರ್ತೀರಿ?" ಗಿರಿಯವ್ವ ಕೇಳಿದಳು.

"ಹುಲ್ಲು ಬಂದ್ರೆ ಬರ್ತೀನಿ ಗಿರಿ. ಬಾಯಿಲ್ಲದ ದನ, ಉಪಾಸ ಕೆಡವಕ್ಕಾಗುತ್ತಾ?"

"ನಾನೂ ಬರ್ತೀನಿ."

"ಅವ್ವ ಹಾಸಿಗೆ ಬಿಟ್ಟು ಏಳಾಕಿಲ್ಲ. ಅವಳನ್ನ ಯಾರ ಕೈಲಿ ಬಿಡೋದು?"

ಗಿರಿಯವ್ವ ಹಾದಿಗೆ ಬುತ್ತಿ ಕಟ್ಟಿಕೊಟ್ಟಳು. ದನಗಳ ಧೂಳು ಹೊಳೆಯಾಚೆ ಕರಗುವ ತನಕ ನಿಂತಿದ್ದಳು. ಆಮೇಲೂ ಎಷ್ಟೋ ಸಂಜೆ ಕೇಳದ ದನಿಯನ್ನು ಕೇಳಿದಂತಾಗಿ ಹಂಚು ಕಾಯಿಸಿದಳು. ರೊಟ್ಟಿ ಆರಿ ರಟ್ಟಾಗುತ್ತಿತ್ತು. ಅತ್ತೆ ಒಳಗಿನಿಂದ, "ಬಂದನೇನವ್ವಾ?" ಅನ್ನುತ್ತಿದ್ದಳು. "ಬತ್ತಾರೆ ಅತ್ತೆ" ಅನ್ನುತ್ತ ಸೊಸೆ ಆ ರೊಟ್ಟಿಯನ್ನೇ ನೀರಲ್ಲಿ ನೆನೆಸಿ ಅವಳಿಗೆ ತಿನ್ನಿಸುತ್ತಿದ್ದಳು. ಪಾಪ, ಇಬ್ಬರಿಗೂ ಅವನೇ ಬೇಕು.

ಇನ್ನು ಹುಲ್ಲು ಉಳಿದಿದ್ದದ್ದು ಗುಡ್ಡದ ಹಿಂದಿನ ತಗ್ಗಿನಲ್ಲಿ ಮಾತ್ರ, ಅದೂ ಮೊಣಕಾಲುದ್ದ. ಊರಿನ ಹೆಂಗಸರು ಅಲ್ಲಿಗೆ ಮುಳ್ಳು ಹಾಕಿ ಸರದಿಯಲ್ಲಿ ಕಾದರು. ಅಲ್ಲಿ ಬೀಜ ಬಲಿತರೆ ಗಾಳಿ ಅದನ್ನು ಹುಲ್ಲುಗಾವಲಿಗೆಲ್ಲ ಹರಡೀತು, ಹುಲ್ಲು ಬಂದೀತು, ಹೋದವರು ತಿರುಗಿ ಬಂದಾರು. ಅದೂ ಕುದುರೆಯ ಹೊಟ್ಟೆಗೆ ಹೋದರೆ ಮುಗಿಯಿತು.

ನಾಗರಸನ ಕಣ್ಣು ಬಿದ್ದದ್ದು ಅಲ್ಲಿಗೇ. ಆದರೆ ಅಷ್ಟು ಹೊತ್ತಿಗೆ ಅರಮನೆಯ ಊಟಕ್ಕೆ ತುಪ್ಪ ನಿಂತುಹೋಗಿತ್ತು, ದೊರೆಗೂ ಸ್ವಲ್ಪ ಬುದ್ಧಿ ಬಂದಿತ್ತು. "ಈ ಸಲ ಕಟ್ಟಳೆಯಂತೆ ಆಗಲಿ. ಬೀಜ ಹತ್ತಿದರೆ ಕುದುರೆ ಬಿಡು" ಅಂದ.

"ಬೇರೆಯವರೇಕೆ? ನಾನೇ ನಡೆದು ಬರುತ್ತೇನೆ" ಅಂದ ಮಂತ್ರಿ.

ನಡೆದನೇ? ಆ ಮೈಗಳ್ಳ! ನೆಟ್ಟಗೆ ಲಾಯಕ್ಕೆ ಹೋಗಿ, ಹಳೆಯ ಒಣಹುಲ್ಲಿನ ಬೀಜವನ್ನೆಲ್ಲ ಆಳುಗಳ ಕೈಯಿಂದ ಪಂಚೆಗೆ ಚುಚ್ಚಿಸಿಕೊಂಡ. "ಇನ್ನೂ ಹಾಕ್ರೋ, ಒಬ್ಬನಿಗೂ ಅನುಮಾನ ಬರಬಾರದು" ಅಂದ.

ಅವತ್ತು ತಗ್ಗಿನ ಕಾವಲಿಗಿದ್ದವಳು ಗಿರಿಯವ್ವ. ಬೀಜ ಇನ್ನೂ ಹಸಿರಾಗಿತ್ತು, ಆ ಕಡೆ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಊರಿಗೆ ಬಂದು ನೋಡಿದರೆ ಚಾವಡಿಯಲ್ಲಿ ದೊರೆಯೆದುರು ಮಂತ್ರಿ ಪಂಚೆ ಹರಡಿಕೊಂಡು ನಿಂತಿದ್ದಾನೆ! ಸುಳ್ಳು ಅಂತ ಕೂಗಿದರೆ ಮಂತ್ರಿಯ ಮಾತಿನೆದುರು ದನಗಾಹಿಯ ಹೆಂಡತಿಯ ಮಾತು ಕೇಳುವವರು ಯಾರು? ಅವಳು ಸಿಟ್ಟು ನುಂಗಿಕೊಂಡು ಕೈ ಮುಗಿದಳು.

"ಕೂತ್ಕಳಿ ಬುದ್ದಿ. ಬೀಜ ಕೀಳಬೇಕಲ್ಲ."

"ನಿಂತೇ ಇರುತ್ತೇನೆ, ಕೀಳು."

"ಕೂರಯ್ಯಾ, ಕಟ್ಟಳೆ" ಅಂದ ದೊರೆ.

ಮಂತ್ರಿ ಕೂತ. ಕೂತವನೇ "ಅಯ್ಯಯ್ಯೋ" ಅಂತ ಎದ್ದ. ಗಿರಿಯವ್ವ ಹಾಡು ಎತ್ತಿದಳು. ಹಾಡೋ, ಎಳೆದಷ್ಟೂ ಉದ್ದ. ಒಂದು ಹಾಡು ಮುಗಿದರೆ ಒಂದು ಬೀಜ. ಮಂತ್ರಿ ಮತ್ತೆ ಕೂತ, ಮತ್ತೆ ಹಾರಿದ. ಮೂರನೆಯ ಸಲ ಕೂತು ಹಾರಿದಾಗ ದೊರೆಗೆ ಬೆನ್ನು ಕಾಣಿಸಿತು. ಸೊಂಟದ ತನಕ ಬರೀ ಬೀಜ.

"ತಗ್ಗಿನ ಹುಲ್ಲು ಮೊಣಕಾಲುದ್ದ, ದೊರೆಗಳೇ. ಬೀಜ ಅಷ್ಟೆತ್ತರಕ್ಕೆ ಹೆಂಗೆ ಹತ್ತಿದವು?" ಅಂದಳು ಗಿರಿಯವ್ವ.

"ನೀನು ನಡೆದೆಯೋ, ಹೊರಳಾಡಿದೆಯೋ?" ದೊರೆ ಕೇಳಿದ. ಚಾವಡಿಗೆ ಚಾವಡಿಯೇ ನಕ್ಕಿತು.

ಉರಿ ತಡೆಯಲಾರದೆ ಮಂತ್ರಿ ಕಿರುಚಿದ: "ಲಾಯದ ಬೀಜ ಕಣ್ರೋ! ಮೊದಲು ಕೀಳ್ರೋ!"

ದೊರೆಯ ನಗು ನಿಂತಿತು. "ತಪ್ಪು ಇವನೊಬ್ಬನದಲ್ಲ. ಮೂರು ಸಲ ತಲೆ ಆಡಿಸಿದವನು ನಾನು" ಅಂದ. ಕುದುರೆಗಳನ್ನು ಪರದೇಶಕ್ಕೆ ಕಳಿಸಿದ. ನಾಗರಸನ ಪಟ್ಟ ಕಿತ್ತು ತಗ್ಗಿನ ಮುಳ್ಳು ಕಾಯಲು ಕೂರಿಸಿದ. ಹುಲ್ಲು ನಂಬಿ ಬದುಕುವವರನ್ನು ಕೇಳದೆ ಇನ್ನು ಹುಲ್ಲುಗಾವಲಿನ ಮಾತು ಎತ್ತಕೂಡದು ಅಂತ ಡಂಗುರ ಹೊಡೆಸಿದ.

ತಗ್ಗಿನಲ್ಲಿ ಬೀಜ ಬಲಿಯಿತು, ಗಾಳಿ ಹೊತ್ತೊಯ್ಯಿತು. ಆದರೆ ಕೆಟ್ಟ ನೆಲಕ್ಕೆ ಅವಸರವಿಲ್ಲ. ಒಂದು ಮಳೆಗಾಲಕ್ಕೆ ಅಲ್ಲೊಂದು ಗರಿಕೆ, ಇನ್ನೊಂದಕ್ಕೆ ಇಲ್ಲೊಂದು ಹಿಡಿ. ಗಿರಿಯವ್ವ ಕಾದಳು. ಅತ್ತೆ ಮಗನ ಹೆಸರು ಹೇಳುತ್ತಲೇ ಕಣ್ಣು ಮುಚ್ಚಿದಳು. ಗಿರಿಯವ್ವ ಮತ್ತೂ ಕಾದಳು.

ಕಡೆಗೊಂದು ದಿನ ಕಾವಲೆಲ್ಲ ಹಸಿರಾದಾಗ ಬೊಮ್ಮಲಿಂಗ ಬಂದ. ಗಡ್ಡ ಬೆಳ್ಳಗಾಗಿತ್ತು. ಹೊಸಿಲಲ್ಲಿ ನಿಂತು, "ಅವ್ವ?" ಅಂದ.

"ಕಾದ್ರು. ಆಗ್ಲಿಲ್ಲ."

ಅವನು ಅಲ್ಲೇ ಕೂತ. ಅವಳು ಅವನ ಕಾಲಿಗೆ ನೀರು ಹಾಕಿದಳು. ಅವಳ ತಲೆಯ ನರೆಯನ್ನು ಅವನು ಆಗ ನೋಡಿದ.

"ಹುಲ್ಲೇನೋ ಬಂತು ಗಿರಿ" ಅಂದ.

"ಬಂತು. ನಮ್ಮ ಪ್ರಾಯ ಬರ್ಲಿಲ್ಲ."

ಹೂಂಗುಟ್ಟಿದ್ದು ಸಾಕು, ಈಗ ನೀತಿ ಕೇಳಿ. ಎಲ್ಲರಿಗೂ ಸೇರಿದ್ದನ್ನು ನಾಳೆಗೂ ಉಳಿಯುವಂತೆ ಬಳಸಬೇಕು. ಕೆಡಿಸಿದ ನೆಲ ಮತ್ತೆ ಚಿಗುರಬಹುದು. ಅದಕ್ಕಾಗಿ ಕಾದವರ ಕಾಲವನ್ನು ಯಾವ ದೊರೆಯೂ ತಿರುಗಿ ಕೊಡಲಾರ.