ಒಂದನೇ ನಂಬರಿನ ಉತ್ತರ

ಹೊಳೆಯ ದಂಡೆಯಲ್ಲಿ ಹಂಚು ಹೊದಿಸಿದ ಎರಡು ಕೋಣೆಯ ಆಶ್ರಮ. ಅಲ್ಲಿಯ ಗುರುಗಳು ಮರಿಯಪ್ಪಸ್ವಾಮಿ. ಆ ಸೀಮೆಯಲ್ಲಿ ಗುರುಗಳನ್ನು ಬುದ್ಧಿ ಎನ್ನುವುದು ವಾಡಿಕೆ. ಅವರನ್ನೂ ಜನ ಹಾಗೇ ಕರೆಯುತ್ತಿದ್ದರು.

ಬುದ್ಧಿಯವರಿಗೆ ಸುತ್ತಲ ಊರುಗಳಿಂದ ಕಾಗದ ಬರುತ್ತಿದ್ದವು. ವಾರಕ್ಕೆ ಮೂವತ್ತೋ ನಲವತ್ತೋ. ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಮಗಳು ಪರೀಕ್ಷೆಗೆ ಕೂತಿದ್ದಾಳೆ, ತಾಯಿ ತೀರಿಕೊಂಡರು. ಬಂದ ಒಂದೊಂದಕ್ಕೂ ಅವರು ಉತ್ತರ ಕಳಿಸುತ್ತಿದ್ದರು. ಕಣ್ಣು ಮಂಜಾದ ಮೇಲೆ ಅವರು ಹೇಳುವುದು, ಶಿಷ್ಯ ಶಂಭುಲಿಂಗ ಕಂಪ್ಯೂಟರಿನಲ್ಲಿ ಟೈಪು ಮಾಡುವುದು ಎಂದಾಯಿತು.

ಶಂಭುಲಿಂಗ ಪ್ರೆಸ್ಸೊಂದರಲ್ಲಿ ಆರು ವರ್ಷ ದುಡಿದು, ಅದು ಸಾಕೆನಿಸಿ ಆಶ್ರಮ ಸೇರಿದವನು. ಮೂವತ್ತರ ಆಸುಪಾಸು. ಅವನು ಮೌಸ್ ಮುಟ್ಟುತ್ತಲೇ ಇರಲಿಲ್ಲ. ಕಂಟ್ರೋಲ್ ಒತ್ತಿ ಒಂದು ಅಕ್ಷರ, ಆಲ್ಟ್ ಒತ್ತಿ ಒಂದು ಅಂಕಿ. ಬೆರಳು ಆಡಿದ್ದು ನೋಡುವವರಿಗೆ ಕಾಣುವ ಮೊದಲೇ ಕೆಲಸ ಮುಗಿದಿರುತ್ತಿತ್ತು.

ತಡವಾಗುತ್ತಿದ್ದದ್ದು ಬುದ್ಧಿಯವರಿಂದ.

ಕಾಗದವನ್ನು ಅವರು ಪೂರ್ತಿ ಓದಿಸುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಒಮ್ಮೆ ಕಾಲು ಗಂಟೆ, ಒಮ್ಮೆ ಒಂದು ಗಂಟೆ. ಶಂಭುಲಿಂಗ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದ. ಕೊನೆಗೆ ಅವರು ನಾಲ್ಕು ವಾಕ್ಯ ಹೇಳುತ್ತಿದ್ದರು.

ಮೂರು ತಿಂಗಳಾದ ಮೇಲೆ ಅವನಿಗೊಂದು ಅನುಮಾನ ಬಂತು. ಹಳೆಯ ಉತ್ತರಗಳನ್ನು ತೆಗೆದು ತಾಳೆ ನೋಡಿದ. ನೋಡಿ, ಇನ್ನಷ್ಟು ಗೊಂದಲವಾಯಿತು.

“ಬುದ್ಧಿ, ಒಂದು ಮಾತು. ತಪ್ಪು ತಿಳೀಬಾರದು.”

“ಹೇಳಪ್ಪ.”

“ಸಾವಿನ ಕಾಗದಕ್ಕೆಲ್ಲ ತಾವು ಒಂದೇ ಉತ್ತರ ಹೇಳ್ತೀರಿ.”

“ಹೌದಾ?” ಬುದ್ಧಿಯವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

“ಹನ್ನೊಂದು ಕಾಗದ ನೋಡಿದೆ. ಒಂದಕ್ಷರ ಆಚೀಚೆ ಇಲ್ಲ. ಅದಕ್ಕೇ ಒಂದು ಶಾರ್ಟ್‌ಕಟ್ ಮಾಡಿಟ್ಟಿದ್ದೀನಿ. ಆಲ್ಟ್ ಒತ್ತಿ ಒಂದು ಅಂತ ಒತ್ತಿದರೆ ಸಾವಿನ ಉತ್ತರ. ಎರಡು ಅಂದರೆ ಮದುವೆಗೆ ಆಶೀರ್ವಾದ. ಮೂರು, ಪರೀಕ್ಷೆ. ತಾವು ಅಷ್ಟು ಹೊತ್ತು ಕೂರೋದು ಬೇಡ.”

“ಎಲ್ಲಿ, ಒತ್ತು.”

ಶಂಭುಲಿಂಗ ಒತ್ತಿದ. ಪರದೆಯ ಮೇಲೆ ನಾಲ್ಕು ವಾಕ್ಯ ಒಟ್ಟಿಗೆ ಬಂದು ಕೂತವು.

‘ನಿಮ್ಮ ಕಾಗದ ಕೈ ಸೇರಿತು. ಅವರ ದಾರಿ ಮುಗಿಯಿತು, ಇನ್ನು ಬಾಗಿಲು ನೋಡುತ್ತ ಕೂರಬೇಡಿ. ಅಳು ಬಂದಾಗ ಅತ್ತುಬಿಡಿ. ಹೊತ್ತಿಗೆ ಸರಿಯಾಗಿ ಒಂದು ತುತ್ತು ಉಣ್ಣಿ.’

ಬುದ್ಧಿಯವರು ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಮಗುವಿನ ಹಾಗೆ ನಕ್ಕರು.

“ಇನ್ನೊಂದು ಸಲ ಒತ್ತು.”

ಒತ್ತಿದ.

“ನಾನೂ ಒತ್ತಲಾ?”

ಅವರೇ ಮೂರು ಸಲ ಒತ್ತಿದರು. ಅದೇ ಸಮಾಧಾನ ಮೂರು ಸಲ ಬಂದು ಬಿತ್ತು.

“ಬಲು ಚೆನ್ನಾಗಿದೆ. ಇನ್ನು ಮೇಲೆ ಉತ್ತರ ನೀನೇ ಕೊಡು. ರುಜು ನಾನು ಹಾಕ್ತೀನಿ.”

ಬೈಗುಳ ಬೀಳಬಹುದೆಂದು ಶಂಭುಲಿಂಗ ಹೆದರಿದ್ದ. ಮೆಚ್ಚಿಗೆ ಸಿಕ್ಕೀತೆಂಬ ಆಸೆಯೂ ಒಳಗೆ ಇತ್ತು. ಸಿಕ್ಕಿದ್ದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಯೋಚನೆ.

ಅಂದಿನಿಂದ ವಾರದ ಕೆಲಸ ಒಂದು ಬೆಳಗಿನಲ್ಲಿ ಮುಗಿಯತೊಡಗಿತು. ಬುದ್ಧಿಯವರು ಕೊಟ್ಟ ಹಾಳೆಗೆಲ್ಲ ರುಜು ಹಾಕುತ್ತಿದ್ದರು. ಓದು ಎನ್ನಲಿಲ್ಲ.

ಒಂದು ದಿನ ಅವನೇ ಕೇಳಿದ. “ಒಂದು ಸಲ ಓದಿ ಹೇಳಲಾ ಬುದ್ಧಿ?”

“ನೀನು ಓದಿದೀಯಲ್ಲ?”

“ಓದಿದ್ದೀನಿ.”

ಮೊದಲ ಸಾಲು ಓದಿದ್ದ. ಮೊದಲ ಸಾಲಿನಲ್ಲೇ ಯಾವ ನಂಬರು ಎಂದು ಗೊತ್ತಾಗಿಬಿಡುತ್ತಿತ್ತು.

ಎರಡು ತಿಂಗಳು ಹೀಗೆ ನಡೆಯಿತು.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ನಲವತ್ತೈದರ ವಯಸ್ಸು. ಬರಿಗೈ, ಬೋಳು ಹಣೆ. ಬುದ್ಧಿಯವರ ಕಾಲಿಗೆ ಬಿದ್ದು ಎದ್ದು, ಕಂಬಕ್ಕೆ ಒರಗಿ ಕೂತಳು.

“ನಾನು ಆಲದಹುಂಡಿಯ ಸುಂದ್ರಮ್ಮ. ಇಸ್ಕೂಲಲ್ಲಿ ಬಿಸಿಯೂಟ ಮಾಡ್ತೀನಿ. ತಮ್ಮ ಕಾಗದ ಬಂತು. ತಾವು ಹೇಳಿದ ಹಾಗೇ ಮಾಡಿದೆ.”

“ಏನು ಮಾಡಿದೆ ತಾಯಿ?”

“ಬಳೆ ಒಡೆದುಕೊಂಡೆ. ಹೆಣ ಇಲ್ಲ ಅಂತ ಅವರ ಅಂಗಿ ಪಂಚೆ ಮಣ್ಣು ಮಾಡಿದೆವು. ತಿಥಿ ಮಾಡಿ ಊರಿಗೆ ಅನ್ನ ಹಾಕಿದೆವು. ಆದರೂ ಮನಸ್ಸು ನಿಲ್ತಾ ಇಲ್ಲ. ಹೆಣ ಎಲ್ಲಿದೆ ಹೇಳಿ ಬುದ್ಧಿ. ಅಷ್ಟು ಹೇಳಿದರೆ ಸಾಕು.”

ಶಂಭುಲಿಂಗನಿಗೆ ಅರ್ಥವಾಗಲಿಲ್ಲ. ಹೆಣ ಎಲ್ಲಿದೆ ಎಂದು ಬುದ್ಧಿಯವರನ್ನು ಯಾಕೆ ಕೇಳುತ್ತಾಳೆ?

“ತಾಯಿಯ ಕಾಗದ ತಗೊಂಡು ಬಾ. ಪೂರ್ತಿ ಓದು,” ಎಂದರು ಬುದ್ಧಿ.

ಅವನು ಕಟ್ಟು ಬಿಚ್ಚಿ ಕಾಗದ ಹುಡುಕಿದ. ಓದತೊಡಗಿದ.

“ನಮ್ಮ ಯಜಮಾನರು ನಮ್ಮನ್ನು ಬಿಟ್ಟು ಹೋಗಿ ಇಪ್ಪತ್ತು ದಿನ ಆಯಿತು.”

ಅಂದು ಅವನು ಓದಿದ್ದು ಇಷ್ಟೇ. ಈಗ ಮುಂದಿನ ಸಾಲಿಗೆ ಕಣ್ಣು ಹೋಯಿತು.

“ಮಗಳ ಮದುವೆ ಮಾತಿಗೆ ಜಗಳ ಮಾಡಿಕೊಂಡು ಬಸ್ ಹತ್ತಿ ಹೋದವರು ತಿರುಗಿ ಬಂದಿಲ್ಲ. ಹುಡುಕಲೋ, ಕಾಯಲೋ? ಬುದ್ಧಿಯವರು ಹೇಳಿದ ಹಾಗೆ…”

ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ತಾವಾಗಿಯೇ ಅಲುಗುತ್ತಿದ್ದವು. ಕಿರುಬೆರಳು ಕಂಟ್ರೋಲಿನ ಜಾಗದಲ್ಲಿ, ಇನ್ನೊಂದು ಬೆರಳು ಝಡ್ ಇರುವ ಕಡೆ. ಮಾಡಿದ್ದನ್ನು ಅಳಿಸಲು ಅವನು ದಿನಕ್ಕೆ ನೂರು ಸಲ ಒತ್ತುತ್ತಿದ್ದದ್ದು ಅದನ್ನೇ. ಪಂಚೆಯ ಮೇಲೆ ಬೆರಳು ಬಡಿಯುತ್ತಲೇ ಇದ್ದವು.

ಬುದ್ಧಿಯವರು ಎದ್ದರು. ಸುಂದ್ರಮ್ಮನ ಎದುರು ನಿಂತು, ಬಗ್ಗಿ, ನೆಲ ಮುಟ್ಟಿದರು.

“ತಪ್ಪಾಯಿತು ತಾಯಿ. ನಿನ್ನ ಗಂಡ ಇದಾನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಓದದೆ ಉತ್ತರ ಕೊಟ್ಟೆ.”

ಅವಳು ಕಂಬ ಬಿಟ್ಟು ನೆಟ್ಟಗೆ ಕೂತಳು.

“ಓದದೇ ಕೊಟ್ಟಿರಾ?”

“ಹೌದು.”

“ನನ್ನ ಮಗಳು ಅಪ್ಪನ ಪಂಚೆ ಮೇಲೆ ಮಣ್ಣು ಹಾಕಿದಳು ಬುದ್ಧಿ. ನಾನೇ ಅವಳ ಕೈ ಹಿಡಿದು ಹಾಕಿಸಿದೆ.”

ಶಂಭುಲಿಂಗ ನಾನು ಎನ್ನಲು ಬಾಯಿ ತೆರೆದ. ಆದರೆ ಹೇಳದೆ ಕಾಗದ ಮಡಿಸತೊಡಗಿದ. ಮಾಡಿದವನು ತಾನು, ಬಗ್ಗಿದವರು ಇವರು. ಹೀಗೇಕೆ ಎಂಬುದೂ ಅವನಿಗೆ ಹೊಳೆಯಲಿಲ್ಲ.

ಬುದ್ಧಿಯವರು ಕೋಲು ತೆಗೆದುಕೊಂಡರು. “ನಡಿ ತಾಯಿ, ನಿಮ್ಮೂರಿಗೆ ಹೋಗೋಣ. ಎಲ್ಲರ ಮುಂದೆ ಹೇಳ್ತೀನಿ. ಶಂಭು, ನೀನೂ ಬಾ.”

ಆಲದಹುಂಡಿಗೆ ಬಸ್ಸಿನಲ್ಲಿ ಕಾಲು ಗಂಟೆ. ಸುಂದ್ರಮ್ಮ ಮುಂದಿನ ಸೀಟಿನಲ್ಲಿ ಕೂತು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಅವಳ ಮನೆಯ ಮುಂದೆ ಜನ ಸೇರಿದರು. ಬುದ್ಧಿಯವರು ನಿಂತೇ ಹೇಳಿದರು.

“ಈ ತಾಯಿಯ ಗಂಡ ಸತ್ತ ಅಂತ ನಾನು ಬರೆದದ್ದು ಸುಳ್ಳು. ನನಗೆ ಗೊತ್ತಿರಲಿಲ್ಲ. ಓದದೆ ಬರೆದೆ.”

ಯಾರೂ ನಂಬಲಿಲ್ಲ. ಒಬ್ಬ ಹಿರಿಯರು ಕೈಮುಗಿದು, “ಬುದ್ಧಿಯವರ ಬಾಯಲ್ಲಿ ಸುಳ್ಳು ಬರತ್ತಾ? ಏನೋ ಪರೀಕ್ಷೆ ಮಾಡ್ತಾ ಇದೀರಿ,” ಎಂದರು. ಉಳಿದವರೂ ತಲೆಯಾಡಿಸಿದರು.

ಬುದ್ಧಿಯವರು ಶಂಭುಲಿಂಗನ ಕಡೆ ತಿರುಗಿದರು.

“ಬರೆದದ್ದು ನಾನು,” ಎಂದ ಶಂಭುಲಿಂಗ. “ಬರೆದದ್ದೂ ಅಲ್ಲ. ಎರಡು ಕೀ ಒತ್ತಿದೆ. ‘ಬಿಟ್ಟು ಹೋಗಿ’ ಅಂತ ಕಂಡಿತು, ಒತ್ತಿದೆ. ಮುಂದಕ್ಕೆ ಓದಲಿಲ್ಲ. ಬುದ್ಧಿಯವರು ನನ್ನನ್ನು ನಂಬಿ ರುಜು ಹಾಕಿದರು.”

ಈ ಸಲ ನಂಬಿದರು.

ಸುಂದ್ರಮ್ಮ ಒಳಗೆ ಹೋದಳು. ಹೊರಗೆ ಬಂದಾಗ ಎರಡೂ ಕೈಗೆ ಹಸಿರು ಬಳೆ ಇದ್ದವು. ಮಗಳ ಬಳೆ ಇರಬೇಕು, ಬಿಗಿಯಾಗಿದ್ದವು.

ಹಿರಿಯರು ಕೇಳಿದರು, “ಅವನು ಇದಾನೆ ಅಂತ ಇನ್ನೂ ಗೊತ್ತಾಗಿಲ್ಲವಲ್ಲಮ್ಮ?”

“ಅವರು ಇರಲಿ, ಬಿಡಲಿ. ಕೈ ನನ್ನದು. ಇನ್ನೊಬ್ಬರ ಕಾಗದ ನೋಡಿ ಬಳೆ ಒಡೆಯೋದಿಲ್ಲ.”

ಹೀಗೆಂದು ಅವಳು ಬುದ್ಧಿಯವರಿಗೆ ಒಂದು ಲೋಟ ನೀರು ಕೊಟ್ಟಳು. ಶಂಭುಲಿಂಗನಿಗೆ ಕೊಡಲಿಲ್ಲ.

ಜನ ಚದುರುತ್ತಿದ್ದಾಗ ಒಬ್ಬ ಮುದುಕ ಅವನ ಹತ್ತಿರ ಬಂದ. ಮಡಕೆ ಮಾಡುವ ಸಣ್ಣಪ್ಪ. ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದ. ಅದರೊಳಗೆ ನಾಲ್ಕು ಮಡಿಕೆಯ ಹಾಳೆ.

“ಸ್ವಾಮಿ, ಇದೂ ಅಲ್ಲಿಂದ ಬಂದದ್ದು. ನನ್ನ ಹೆಂಡತಿ ತೀರಿಕೊಂಡಾಗ. ದಿನಾ ತೆಗೆದು ನೋಡ್ತೀನಿ. ಇದನ್ನ ಯಾರು ಬರೆದದ್ದು?”

ಶಂಭುಲಿಂಗ ಹಾಳೆ ಬಿಡಿಸಿದ. ಅದೇ ನಾಲ್ಕು ವಾಕ್ಯ. ಮಡಿಕೆ ಬಿದ್ದ ಕಡೆ ಅಕ್ಷರ ಸವೆದಿದ್ದವು. ಮೇಲಿನ ತಾರೀಖು ನೋಡಿದ. ಅದಕ್ಕಿಂತ ಒಂದು ತಿಂಗಳು ಮೊದಲಿನದಾಗಿದ್ದರೆ ಬುದ್ಧಿಯವರು ಕೂತು ಹೇಳಿದ್ದಾಗುತ್ತಿತ್ತು. ಅಲ್ಲ. ಕೀ ಒತ್ತಿದ್ದೇ.

ಸುಳ್ಳು ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಮುದುಕ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದ. ಶಂಭುಲಿಂಗ ಬುದ್ಧಿಯವರತ್ತ ನೋಡಿದ. ಅವರು ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದರು.

“ನಾನು,” ಎಂದ.

“ನನ್ನ ಕಾಗದ ಓದಿದ್ದಿರಾ?”

“ಮೊದಲನೇ ಸಾಲು.”

ಸಣ್ಣಪ್ಪ ಹಾಳೆಯನ್ನು ವಾಪಸು ತೆಗೆದುಕೊಂಡು ಮೆಲ್ಲಗೆ ಮಡಿಸಿದ. “ಎರಡನೇ ಸಾಲಿನಲ್ಲಿ ಅವಳ ಹೆಸರಿತ್ತು.”

ಶಂಭುಲಿಂಗ ಅಲ್ಲೇ ನೆಲದ ಮೇಲೆ ಕೂತ.

“ಏನು ಹೆಸರು?”

“ಈಗ ಕೇಳ್ತೀರಾ?”

“ಈಗ ಕೇಳ್ತೀನಿ.”

ಮುದುಕ ಹಾಳೆಯನ್ನು ಕವರಿಗೆ ಸೇರಿಸಿದ. ಹೊರಟುಹೋಗುತ್ತಾನೆ ಎಂದೇ ಶಂಭುಲಿಂಗ ಅಂದುಕೊಂಡ. ಆದರೆ ಅವನೂ ಕೂತ.

“ಹೊನ್ನಾಜಮ್ಮ,” ಎಂದ. “ಜೇಡಿಮಣ್ಣು ತುಳಿಯೋವಾಗ ಹಾಡ್ತಿದ್ದಳು. ರಾಗ ಸರಿ ಇರ್ತಿರಲಿಲ್ಲ.”

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಅವಳು ಮಾಡುತ್ತಿದ್ದ ಹುರುಳಿಕಾಳಿನ ಸಾರು, ಮೊದಲ ಮಗು ಹೋದಾಗ ಅವಳು ಒಲೆ ಮುಂದಿನಿಂದ ಏಳದೆ ಕೂತ ಮೂರು ದಿನ, ಕೊನೆಯ ವರ್ಷ ಗಂಡನನ್ನೇ ಅಣ್ಣ ಎಂದು ಕರೆಯತೊಡಗಿದ್ದು. ಸಂಜೆಯ ಬಸ್ಸು ಬಂದು ಹೋಯಿತು. ಶಂಭುಲಿಂಗ ಏಳಲಿಲ್ಲ.

ಕೊನೆಗೆ ಸಣ್ಣಪ್ಪ ಎದ್ದು, ಹಾಳೆಯನ್ನು ಮತ್ತೆ ಅದೇ ಜೇಬಿಗೆ ಇಟ್ಟುಕೊಂಡ. ಶಂಭುಲಿಂಗ ಬೆರಗಾಗಿ ನೋಡಿದ.

ಬಸ್ಸಿಲ್ಲದೆ ಗುರುಶಿಷ್ಯರು ನಾಲೆಯ ಏರಿಯ ಮೇಲೆ ನಡೆದು ಹೊರಟರು. ಇನ್ನೂ ಬೆಳಕಿತ್ತು.

“ಬುದ್ಧಿ, ಒಂದು ಅರ್ಥವಾಗ್ತಿಲ್ಲ.”

“ಒಂದೇನಾ?”

“ಸುಂದ್ರಮ್ಮನವರ ಮನೆ ಮುರಿದದ್ದು ಆ ನಾಲ್ಕು ಮಾತು. ಸಣ್ಣಪ್ಪನವರು ಜೇಬಲ್ಲಿಟ್ಟುಕೊಂಡು ಬದುಕ್ತಾ ಇರೋದೂ ಅದೇ ನಾಲ್ಕು ಮಾತು. ನಾನು ಎರಡು ಕಾಗದವನ್ನೂ ಓದಿರಲಿಲ್ಲ.”

“ಹೂಂ.”

“ಅವರು ಮತ್ತೆ ಯಾಕೆ ಜೇಬಿಗೆ ಇಟ್ಟುಕೊಂಡರು?”

“ಅವರನ್ನೇ ಕೇಳಬೇಕಿತ್ತು.”

ಸ್ವಲ್ಪ ದೂರ ನಡೆದ ಮೇಲೆ ಅವನು ಮತ್ತೆ ಕೇಳಿದ. “ತಾವು ಯಾಕೆ ನನ್ನ ತಪ್ಪು ಮೈಮೇಲೆ ಹಾಕಿಕೊಂಡಿರಿ?”

“ನೀನು ಕಾಗದ ಓದಲಿಲ್ಲ. ನಾನು ನಿನ್ನನ್ನು ಓದಲಿಲ್ಲ,” ಎಂದರು ಬುದ್ಧಿ. “ಕೈ ಕೊಡು, ಇಲ್ಲಿ ಜಾರತ್ತೆ.”

ಶಂಭುಲಿಂಗ ಕೈ ಕೊಟ್ಟ.

ಮಾರನೆಯ ದಿನದಿಂದ ಅವನು ಒಂದನೇ ನಂಬರಿನ ಉತ್ತರ ಹೋದ ಮನೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಹೋಗಿಬಂದ. ಕೆಲವರು ಬೈದರು, ಒಬ್ಬರು ಕದ ಹಾಕಿಕೊಂಡರು. ಬಹಳ ಮಂದಿ ಕೂರಿಸಿಕೊಂಡು ಹೇಳಿದರು. ಇದರಲ್ಲೇ ಎರಡು ತಿಂಗಳು ಕಳೆಯಿತು.

ಅಷ್ಟರಲ್ಲಿ ಸುಂದ್ರಮ್ಮನ ಗಂಡ ಕೊಡಗಿನ ತೋಟವೊಂದರಲ್ಲಿ ಕೆಲಸಕ್ಕಿದ್ದಾನೆಂದು ಗೊತ್ತಾಯಿತು. ಅವಳು ಹೋಗಿ ನೋಡಿ ಬಂದಳು. ಬಾ ಎನ್ನಲಿಲ್ಲ. ಅವನಾಗಿಯೇ ಮಗಳ ಮದುವೆಗೆ ಬಂದು, ಪಂಕ್ತಿಯ ಕೊನೆಯಲ್ಲಿ ಕೂತು ಉಂಡು ಹೋದನಂತೆ.

ಎಲ್ಲ ಮನೆಗಳೂ ಮುಗಿದ ದಿನ ಶಂಭುಲಿಂಗ ಕಂಪ್ಯೂಟರಿನ ಮುಂದೆ ಕೂತ. ಬುದ್ಧಿಯವರು ಬಾಗಿಲ ಬಳಿ ಇದ್ದರು.

“ಆ ಶಾರ್ಟ್‌ಕಟ್‌ಗಳನ್ನೆಲ್ಲ ತೆಗೆದುಹಾಕಿಬಿಡ್ತೀನಿ ಬುದ್ಧಿ.”

“ಯಾಕೆ? ಚೆನ್ನಾಗಿವೆಯಲ್ಲ. ನಾಲ್ಕು ಮಾತು ಟೈಪು ಮಾಡೋದರಲ್ಲಿ ಏನಿದೆ? ಬೇಗ ಒತ್ತಿ ಮುಗಿಸು.”

ಶಂಭುಲಿಂಗನಿಗೆ ಕಕ್ಕಾಬಿಕ್ಕಿಯಾಯಿತು. “ಒತ್ತಲಾ? ಹಾಗಾದರೆ ನಾನು ಮೊದಲು ಮಾಡ್ತಿದ್ದದ್ದೇ ಸರಿಯಾ?”

“ಪೂರ್ತಿ ಓದು. ಆಮೇಲೆ ಒತ್ತು. ಒತ್ತಿದ ಮೇಲೆ ಏಳಬೇಡ, ಅಲ್ಲೇ ಕೂತಿರು.”

“ಎಷ್ಟು ಹೊತ್ತು?”

“ಅವರು ಎದ್ದು ಹೋಗೋವರೆಗೆ.”

ಶಂಭುಲಿಂಗ ಸುತ್ತ ನೋಡಿದ. ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಮೇಜಿನ ಮೇಲೆ ಅಂದಿನ ಕಾಗದಗಳಿದ್ದವು.

“ಯಾರು ಬುದ್ಧಿ? ಇಲ್ಲಿ ಯಾರೂ ಇಲ್ಲವಲ್ಲ, ಬರೀ ಕಾಗದ.”

ಬುದ್ಧಿಯವರು ಮೇಲಿನದೊಂದು ಕಾಗದ ತೆಗೆದು ಅವನ ಕೈಗಿಟ್ಟರು.

“ಮೆಲ್ಲಗೆ ಮಾತಾಡು. ಅವರು ಬಹಳ ದೂರದಿಂದ ಬಂದಿದ್ದಾರೆ.”