ಹನ್ನೆರಡನೇ ದಿನದ ಎಡೆ

ಹೊಳೆಗೆ ಇನ್ನೂ ಯಾರೂ ಹೆಸರಿಡದ ಕಾಲ. ಒಂದಾನೊಂದು ಊರಲ್ಲಿ ದೋಣಿ ನಡೆಸುವ ಅಣ್ಣತಮ್ಮಂದಿರಿದ್ದರಂತೆ. ಅಣ್ಣ ಚೌಡಣ್ಣ, ತಮ್ಮ ಬೋರ. ಚೌಡಣ್ಣನಿಗೆ ಎಲ್ಲದಕ್ಕೂ ಒಂದು ಕ್ರಮ. ದೋಣಿ ಹತ್ತುವಾಗ ಬಲಗಾಲೇ ಮುಂದಿರಬೇಕು, ಹಿರಿಯರು ಉಂಡ ಮೇಲೇ ಕಿರಿಯರು ಉಣ್ಣಬೇಕು. ಬೋರನೋ, ಹುಟ್ಟನ್ನು ತೊಡೆ ಮೇಲಿಟ್ಟುಕೊಂಡು ಹೊಳೆ ಕರೆದುಕೊಂಡು ಹೋದತ್ತ ಹೋಗುವವ.

“ಮುಳುಗ್ತಾ ಇದ್ರೂ ನೀನು ಕೈ ಆಡಿಸೋನಲ್ಲ ಬಿಡೋ,” ಅಂತ ಅಣ್ಣ ಹಂಗಿಸುತ್ತಿದ್ದನಂತೆ.

ಹೀಗಿರುವಾಗ ಅವರಪ್ಪ ತೀರಿಕೊಂಡ. ಆ ಊರಲ್ಲಿ ಒಂದು ಪದ್ಧತಿ. ಸತ್ತವರನ್ನು ಹನ್ನೊಂದು ದಿನ ಮುಸ್ಸಂಜೆಗೆ ಕರೆದು ಎಡೆ ಇಡಬೇಕು. ಹನ್ನೊಂದನೇ ದಿನ ಎಲೆ ಮಗುಚಿ, ‘ಹೋಗು’ ಅಂದುಬಿಡಬೇಕು. ಚೌಡಣ್ಣನಿಗೆ ನಾಲಿಗೆ ಏಳಲಿಲ್ಲ. ಭಿಕ್ಷೆಗೆ ಬಂದ ದಾಸಯ್ಯನಿಗೂ ಹಾಗೆ ಅಂದವನಲ್ಲ, ಹೆತ್ತ ಅಪ್ಪನಿಗೆ ಅಂದಾನೆಯೇ? ಕೈಮುಗಿದು, ಹೋಗಿ ಬಾ ಅಪ್ಪ ಅಂದನಂತೆ.

ಹನ್ನೆರಡನೇ ದಿನ ಅಪ್ಪ ಬಂದ.

ಹೊಳೆಯಿಂದ ನಡುಮನೆವರೆಗೂ ಒದ್ದೆ ಹೆಜ್ಜೆ. ಬಂದ ಹೆಜ್ಜೆ ಇದೆ, ಹೋದ ಹೆಜ್ಜೆ ಇಲ್ಲ. ಬಂದವರನ್ನು ಉಪವಾಸ ಕೂರಿಸುವುದುಂಟೇ ಅಂತ ಚೌಡಣ್ಣ ಮತ್ತೆ ಎಡೆ ಇಟ್ಟ. ಹದಿಮೂರನೇ ದಿನ ಎಲೆ ಮೇಲಿನ ಅನ್ನದಲ್ಲಿ ಹೊಳೆನೀರು ನಿಂತಿತ್ತಂತೆ. ಆಗಲೂ ಎಡೆ ಇಟ್ಟ. ಹದಿನಾಲ್ಕನೇ ದಿನ ಅವನ ಏಳು ವರ್ಷದ ಮಗಳು ಹೊನ್ನಿ ಮೂಲೆಯಲ್ಲಿ ಕೂತು ಮುದುಕರ ಹಾಗೆ ಕೆಮ್ಮಿದಳು. ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಚೌಡಾ, ನನ್ನ ಹುಟ್ಟು ಎಲ್ಲಿಟ್ಟೆ?” ಅಂದಳಂತೆ.

ಅವನನ್ನು ಚೌಡಾ ಅನ್ನುತ್ತಿದ್ದವರು ಜಗತ್ತಿಗೆಲ್ಲ ಒಬ್ಬರೇ.

ಚೌಡಣ್ಣ ಮಗಳ ಕೈ ಹಿಡಿದ. ಹೊಳೆತಳದ ಕಲ್ಲಿನ ಹಾಗೆ ತಣ್ಣಗಿತ್ತು. ಓಡಿಹೋಗಿ ತಮ್ಮನ ಮುಂದೆ ನಿಂತ. ಬೋರ ನಗಲಿಲ್ಲ, ಹಂಗಿಸಲಿಲ್ಲ.

“ಅಣ್ಣಾ, ಕರೆದೋನು ನೀನು, ಕಳಿಸೋನೂ ನೀನೇ. ನನ್ನ ಮಾತು ಅಪ್ಪ ಯಾವತ್ತು ಕೇಳಿದ್ದ? ದೋಣಿ ಮಾತ್ರ ನನಗೆ ಬಿಡು.”

ಚೌಡಣ್ಣ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಾ ಅಪ್ಪ, ಬಲಗಾಲಿಡು ಅಪ್ಪ ಅನ್ನುತ್ತ ಹೊಳೆಗೆ ನಡೆದ. ಹಿಂದೆ ಒದ್ದೆ ಹೆಜ್ಜೆಯ ಸಪ್ಪಳ. ಎಲೆಯನ್ನು ದೋಣಿಯಲ್ಲಿ ಮಗುಚಿದ. ಖಾಲಿ ದೋಣಿ ಯಾರೋ ಹತ್ತಿದ ಹಾಗೆ ಒಂದು ಕಡೆ ಬಾಗಿತಂತೆ. ಮನೆಯಿಂದ ಹೊನ್ನಿಯ ಕೆಮ್ಮು ಕೇಳಿಸಿತು.

“ಹೋಗು, ಅಪ್ಪ,” ಅಂದ.

ಬೋರ ಹಗ್ಗ ಬಿಚ್ಚಿದ. ಅಪ್ಪನನ್ನು ದಾಟಿಸಿ ಬರೋಣ ಅಂತ ಚೌಡಣ್ಣನ ಕೈ ಹುಟ್ಟಿಗೆ ಹೋಯಿತು. ಬೋರ ಆ ಕೈ ಹಿಡಿದು ಅವನನ್ನು ದಡದಲ್ಲೇ ನಿಲ್ಲಿಸಿಕೊಂಡ. ದೋಣಿ ನೀರು ಹರಿದತ್ತ ಹೋಗದೆ, ಅಡ್ಡಡ್ಡವಾಗಿ, ಅಲೆಯೇ ಇಲ್ಲದೆ ಆಚೆ ದಡಕ್ಕೆ ಹೋಯಿತಂತೆ. ಅಲ್ಲಿ ಒಮ್ಮೆ ಕೆಮ್ಮಿದ ಸದ್ದು. ಆಮೇಲೆ ಏನೂ ಇಲ್ಲ.

ಮನೆಗೆ ಬಂದರೆ ಹೊನ್ನಿ, ಹಸಿವಾಗ್ತಿದೆ ಅಪ್ಪಯ್ಯ ಅಂತ ತನ್ನ ದನಿಯಲ್ಲೇ ಅಳುತ್ತಿದ್ದಳು. ಅವತ್ತು ಆ ಮನೆಯಲ್ಲಿ ಕಿರಿಯಳೇ ಮೊದಲು ಉಂಡಳಂತೆ. ಹೊಸ ದೋಣಿ ಕಟ್ಟಿಯಾದ ಮೇಲೆ ಬೋರ ಅದನ್ನು ಹತ್ತುವಾಗ ಬಲಗಾಲು ಮುಂದಿಟ್ಟ. ಚೌಡಣ್ಣ ಅದನ್ನು ನೋಡಿ ಹಗ್ಗ ಬಿಚ್ಚಿದ.

ಅವರ ಕಥೆ ಆಚೆ ದಡ ಸೇರಿತು, ನಾವು ಈಚೆ ದಡದಲ್ಲಿ ಬೆಚ್ಚಗೆ ಉಳಿದೆವು.